ಬಿಡುಗಡೆಗೆ ಬಂದವರು ಅರವತ್ತು, ಪುಸ್ತಕ ಕೊಂಡವರು ನಾಲ್ವರು

ಪ್ರಶ್ನೆ: ತಿಪಟೂರಿನಲ್ಲಿ ನನ್ನದೊಂದು ಪುಟ್ಟ ಪುಸ್ತಕದಂಗಡಿ ಇದೆ. ಶುರು ಮಾಡಿ ಎರಡು ವರ್ಷವಾಯಿತು. ಗೈಡು, ನೋಟ್‌ಬುಕ್ಕು, ಕೆಎಎಸ್, ಪಿಡಿಒ ಪರೀಕ್ಷೆಯ ಪುಸ್ತಕ, ಜೊತೆಗೆ ಒಂದು ಜೆರಾಕ್ಸ್ ಮಷಿನ್ನು. ಅಂಗಡಿ ಬಾಡಿಗೆ ಹುಟ್ಟುವುದು ಇವುಗಳಿಂದಲೇ. ಆದರೆ ನಾನು ಅಂಗಡಿ ಇಟ್ಟದ್ದು ಕಾದಂಬರಿಗಳ ಮೇಲಿನ ಪ್ರೀತಿಯಿಂದ. ಹೋದ ತಿಂಗಳು ಬೆಂಗಳೂರಿನ ಹೊಸ ಲೇಖಕರೊಬ್ಬರ ಕಾದಂಬರಿಯ ಬಿಡುಗಡೆ ಸಮಾರಂಭವನ್ನು ನಾನೇ ಮುಂದೆ ನಿಂತು ಮಾಡಿಸಿದೆ. ಶಾಮಿಯಾನ, ಕುರ್ಚಿ, ಮೈಕು, ಹಾರ, ಶಾಲು, ಉಪ್ಪಿಟ್ಟು, ಕೇಸರಿಬಾತು ಎಲ್ಲ ಸೇರಿ 6,200 ರೂಪಾಯಿ ಖರ್ಚು. ಅರವತ್ತು ಜನ ಬಂದಿದ್ದರು. ಮಾರಾಟವಾದದ್ದು 4 ಪ್ರತಿ. ದುಡ್ಡು ಕೊಟ್ಟು 50 ತರಿಸಿದ್ದೆ, 46 ಹಾಗೇ ಕೂತಿವೆ. ನಮ್ಮಂಥ ಊರಿನ ಅಂಗಡಿ ಹೊಸ ಕಾದಂಬರಿಯನ್ನು ಓದುಗರಿಗೆ ಮುಟ್ಟಿಸುವುದು ಹೇಗೆ? ಲೇಖಕರನ್ನೂ ಓದುಗರನ್ನೂ ಎದುರುಬದುರು ಕೂರಿಸುವುದು ಹೇಗೆ? ಆನ್‌ಲೈನಿನವರ ಡಿಸ್ಕೌಂಟಿನ ಮುಂದೆ ಇದೆಲ್ಲ ಆಗುವ ಮಾತೇ?

ಉತ್ತರ: ನಿಮ್ಮೂರಿನಲ್ಲಿ ಓದುಗರಿಲ್ಲ ಎಂದು ಆ ಒಂದು ಸಂಜೆಯಿಂದ ತೀರ್ಮಾನ ಮಾಡಬೇಡಿ. ಆ ಅರವತ್ತರಲ್ಲಿ ಬಹುಪಾಲು ಜನ ಬಂದದ್ದು ಸಮಾರಂಭಕ್ಕೆ. ಅಧ್ಯಕ್ಷರ ಜೊತೆ ಬಂದವರು, ಮುಖ್ಯ ಅತಿಥಿಗಳ ಪರಿಚಯದವರು, ಪ್ರಾರ್ಥನೆ ಹಾಡಿದ ಹುಡುಗಿಯ ಅಪ್ಪ ಅಮ್ಮ, ಲೇಖಕರ ನೆಂಟರು. ಕರೆದವರ ಮರ್ಯಾದೆಗೆ ಬಂದರು, ಕೂತರು, ಹೋದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಲೋಕಾರ್ಪಣೆ, ಪುಸ್ತಕ ಪರಿಚಯ, ಅತಿಥಿಗಳ ಭಾಷಣ, ಅಧ್ಯಕ್ಷರ ಮಾತು ಮುಗಿಯುವ ಹೊತ್ತಿಗೆ ಲೇಖಕರ ಪಾಲಿಗೆ ಎಷ್ಟು ನಿಮಿಷ ಉಳಿದಿತ್ತು, ನೆನಪು ಮಾಡಿಕೊಳ್ಳಿ. ಹತ್ತು ಸಿಕ್ಕಿದ್ದರೆ ಹೆಚ್ಚು. ಆ ಹತ್ತು ನಿಮಿಷದಲ್ಲೂ, ಎದುರಿಗೆ ಕೂತವರಲ್ಲಿ ಒಬ್ಬರೂ ಕಾದಂಬರಿಯ ಒಂದು ಪುಟ ಓದಿರಲಿಲ್ಲ. ಓದದವರ ಮುಂದೆ ಬರೆದವರು ಏನಂತ ಮಾತಾಡಬೇಕು? ಓದದವರಾದರೂ ಏನಂತ ಕೇಳಬೇಕು?

ನಾನು ತುಮಕೂರಿನಲ್ಲಿ ಪುಸ್ತಕ ಮಾರುವುದಕ್ಕೆ ಕೂತು ಇಪ್ಪತ್ತೆಂಟು ವರ್ಷ. ನಿಮ್ಮಂಥ ಬಿಡುಗಡೆಗಳನ್ನು ನಾನೂ ಹತ್ತಾರು ಮಾಡಿದ್ದೇನೆ, ಒಂದರಲ್ಲಿ ಎರಡೇ ಪ್ರತಿ ಹೋಗಿದ್ದವು. ಆಮೇಲೆ ಕ್ರಮವನ್ನೇ ತಿರುಗಿಸಿದೆ. ಮೊದಲು ಓದಿಸುವುದು, ಆಮೇಲೆ ಕರೆಸುವುದು. ಕಾದಂಬರಿ ಅಂಗಡಿಗೆ ಬಂದು ಆರೇಳು ವಾರವಾಗಿ, ಹದಿನೈದು ಇಪ್ಪತ್ತು ಜನ ಓದಿ ಮುಗಿಸಿದ ಮೇಲಷ್ಟೇ ಬರೆದವರಿಗೆ ಫೋನು ಮಾಡುತ್ತೇನೆ. ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೇ. ಉಳಿದದ್ದು ಇದನ್ನು ಮಾಡುವ ಬಗೆ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಕನ್ನಡದಲ್ಲಿ ಕಾದಂಬರಿ ಮನೆಮನೆಗೆ ಹೋದದ್ದೇ ಹೀಗೆ. ವಾರಪತ್ರಿಕೆಗಳಲ್ಲಿ ಕಾದಂಬರಿ ಧಾರಾವಾಹಿಯಾಗಿ ಬರುತ್ತಿದ್ದ ಕಾಲ ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ‘ಸುಧಾ’ 1965ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ‘ಪ್ರಜಾಮತ’, ‘ಕರ್ಮವೀರ’ ಇದ್ದವು. ಕಂತು ಕಂತಾಗಿ ಓದಿ, ಪಕ್ಕದ ಮನೆಯವರ ಜೊತೆ ವಾದ ಮಾಡಿ, ಪತ್ರಿಕೆಗೆ ಪತ್ರ ಬರೆದು, ಪುಸ್ತಕ ಅಂಗಡಿಗೆ ಬರುವ ಹೊತ್ತಿಗೆ ಓದುಗರು ಕಾದು ನಿಂತಿರುತ್ತಿದ್ದರು. ಜೊತೆಗೆ ಬೀದಿಗೊಂದು ಬಾಡಿಗೆ ಲೈಬ್ರರಿ. ಅಲ್ಲಿ ಕೂತವನಿಗೆ ಯಾರ ಮನೆಯಲ್ಲಿ ಯಾವ ಲೇಖಕಿಯ ಪುಸ್ತಕ ಓದುತ್ತಾರೆ, ಯಾರಿಗೆ ದುಃಖದ ಕೊನೆ ಹಿಡಿಸುವುದಿಲ್ಲ, ಎಲ್ಲ ಬಾಯಿಪಾಠ. ‘ಅಕ್ಕ, ಇದು ಬೇಡ ನಿಮಗೆ, ಕೊನೇಲಿ ಮಗು ಸಾಯುತ್ತೆ’ ಎಂದು ಪುಸ್ತಕ ಕೈಯಿಂದ ತೆಗೆದುಕೊಂಡು ಬೇರೆ ಕೊಡುತ್ತಿದ್ದ. ಆ ಲೈಬ್ರರಿಗಳು ಒಂದೊಂದೇ ಮುಚ್ಚಿದವು, ಧಾರಾವಾಹಿಗಳು ಟೀವಿಗೆ ಹೋದವು. ಅವರು ಮಾಡುತ್ತಿದ್ದ ಕೆಲಸ ಈಗ ನಮ್ಮ ಪಾಲಿಗೆ ಬಂದಿದೆ.

ಹಾಗಾಗಿ ಮೊದಲನೆಯದು, ನೀವು ಓದಬೇಕು. ಬಂದದ್ದೆಲ್ಲವನ್ನೂ ಓದಲು ಯಾರಿಗೂ ಆಗುವುದಿಲ್ಲ. ತಿಂಗಳಿಗೆ ಎರಡು ಹೊಸ ಕಾದಂಬರಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಅದರಲ್ಲಿ ಒಂದನ್ನು ಆರಿಸಿಕೊಳ್ಳಿ. ಆ ತಿಂಗಳು ನೀವು ಬಾಯಿಬಿಟ್ಟು ಹೇಳುವುದು ಆ ಒಂದರ ಬಗ್ಗೆ ಮಾತ್ರ. ಪುಸ್ತಕ ಹೊರಬರುವ ಮುಂಚೆಯೇ ಅಂಗಡಿಯವರಿಗೆ ಓದಲು ಪ್ರತಿ ಕಳಿಸುವ ಪದ್ಧತಿ ಇಂಗ್ಲಿಷ್ ಪ್ರಕಾಶಕರಲ್ಲಿ ಹಳೆಯದು. ಅಮೆರಿಕದ ಸ್ವತಂತ್ರ ಪುಸ್ತಕದಂಗಡಿಗಳ ಸಂಘ ಪ್ರತಿ ತಿಂಗಳೂ ಹೊಸ ಪುಸ್ತಕಗಳ ಪಟ್ಟಿಯೊಂದನ್ನು ಹೊರತರುತ್ತದೆ. ಅದರಲ್ಲಿ ಯಾವ ಊರಿನ ಯಾವ ಅಂಗಡಿಯವರು ಆ ಪುಸ್ತಕವನ್ನು ಯಾಕೆ ಮೆಚ್ಚಿದರು ಎಂದು ಅವರದೇ ಮಾತಿನಲ್ಲಿ ಎರಡು ಮೂರು ಸಾಲು ಇರುತ್ತದೆ. ನಮ್ಮಲ್ಲಿ ಎಷ್ಟೋ ಪ್ರಕಾಶಕರು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡು ಬಂದವರು. ಅಂಗಡಿಯವರು ಓದಿದರೋ ಬಿಟ್ಟರೋ, ಅದು ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಈಗಿನ ಚಿಕ್ಕ ಪ್ರಕಾಶಕರು ಹಾಗಿಲ್ಲ. ‘ಅಚ್ಚಿಗೆ ಹೋಗೋ ಮುಂಚೆ ಪಿಡಿಎಫ್ ಕಳಿಸಿ, ಓದಿ ಹೇಳ್ತೀನಿ ಎಷ್ಟು ಪ್ರತಿ ಬೇಕು ಅಂತ’ ಎಂದು ಕೇಳಿ ನೋಡಿ. ನಾನು ಕೇಳಿದವರಲ್ಲಿ ಇಲ್ಲ ಅಂದವರು ಕಡಿಮೆ. ಓದಿದ ಮೇಲೆ ಇಷ್ಟವಾಗದಿದ್ದರೆ ಅದನ್ನೂ ಅವರಿಗೆ ಹೇಳಿಬಿಡಿ. ಹಿಡಿಸದ ಪುಸ್ತಕವನ್ನು ಒಮ್ಮೆ ಹೊಗಳಿ ಮಾರಿದರೆ, ಆ ಗಿರಾಕಿ ನಿಮ್ಮ ಮುಂದಿನ ಹತ್ತು ಮಾತನ್ನು ನಂಬುವುದಿಲ್ಲ.

ಓದಿದ ಮೇಲೆ ಒಂದು ಚೀಟಿ ಬರೆಯಿರಿ. ಪೋಸ್ಟ್‌ಕಾರ್ಡಿನಷ್ಟು ದಪ್ಪ ಕಾಗದ, ನಿಮ್ಮದೇ ಕೈಬರಹ, ಪುಸ್ತಕದ ಕೆಳಗೆ ರ‍್ಯಾಕಿಗೆ ಅಂಟಿಸುವುದು. ಇದರಲ್ಲಿ ಏನು ಬರೆಯುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಾನು ಮೊದಮೊದಲು ಬರೆಯುತ್ತಿದ್ದ ಚೀಟಿ ಹೀಗಿರುತ್ತಿತ್ತು: ‘ಮನಮುಟ್ಟುವ ಕಾದಂಬರಿ. ಎಲ್ಲರೂ ಓದಲೇಬೇಕು.’ ಅದನ್ನು ಯಾರೂ ನಿಂತು ನೋಡುತ್ತಿರಲಿಲ್ಲ. ಆಮೇಲೆ ಒಂದು ಕಾದಂಬರಿಗೆ ಹೀಗೆ ಬರೆದೆ: ‘ಕೆರೆ ಬತ್ತಿದ ಊರು. ಅಣ್ಣ ತಮ್ಮ ಒಂದು ಬೋರ್‌ವೆಲ್ಲಿಗೆ ಕೋರ್ಟು ಹತ್ತುತ್ತಾರೆ. ಮೊದಲ 30 ಪುಟ ನಿಧಾನ. ಅತ್ತಿಗೆ ಊರಿಗೆ ವಾಪಸ್ ಬಂದ ಮೇಲೆ ಪುಸ್ತಕ ಕೆಳಗಿಡುವುದಕ್ಕೆ ಆಗಲಿಲ್ಲ. ಮನೆಯಲ್ಲಿ ಪಾಲಿನ ಜಗಳ ನೋಡಿದವರಿಗೆ.’ ಈ ಚೀಟಿಯ ಮುಂದೆ ಜನ ನಿಂತರು. ಒಬ್ಬರು ಓದಿ, ‘ಮೂವತ್ತು ಪುಟ ನಿಧಾನ ಅಂತ ನೀವೇ ಬರ್ದಿದ್ದೀರಲ್ಲ’ ಎಂದು ಕೇಳಿದರು. ‘ಹೌದು, ಸತ್ಯ’ ಅಂದೆ. ತೆಗೆದುಕೊಂಡು ಹೋದರು. ಕಥೆ ಯಾವ ನೆಲದ್ದು, ಎಲ್ಲಿ ಎಡವುತ್ತದೆ, ಯಾರಿಗೆ ಹಿಡಿಸುತ್ತದೆ, ಈ ಮೂರು ಚೀಟಿಯಲ್ಲಿ ಇರಲಿ. ಮುನ್ನುಡಿ ಬರೆದ ದೊಡ್ಡವರ ಹೆಸರು, ಬಂದ ಪ್ರಶಸ್ತಿ ಎಲ್ಲ ಮುಖಪುಟದಲ್ಲೇ ಇರುತ್ತವೆ, ಚೀಟಿಯಲ್ಲಿ ಮತ್ತೆ ಬೇಡ.

ಚೀಟಿಗಿಂತ ದೊಡ್ಡದು ನನ್ನ ಉದ್ದನೆಯ ಲೆಕ್ಕದ ಪುಸ್ತಕ. ಓದುಗರಿಗೊಂದು ಪುಟ. ಹೆಸರು, ಫೋನು, ಏನು ಕೊಂಡರು, ಓದಿ ಏನಂದರು. ಈಗ ಅದರಲ್ಲಿ ಮುನ್ನೂರು ಚಿಲ್ಲರೆ ಪುಟ ತುಂಬಿವೆ. ಒಂದೆರಡು ಟಿಪ್ಪಣಿ ಹೇಳುತ್ತೇನೆ. ‘ದಿನಾ ಬೆಂಗಳೂರಿಗೆ ರೈಲಲ್ಲಿ ಓಡಾಡ್ತಾರೆ. ನಿಂತು ಓದೋದು. ದಪ್ಪ ಪುಸ್ತಕ ಬೇಡ, ಒಂದು ಕೈಯಲ್ಲಿ ಹಿಡಿಯೋ ಹಾಗಿರಬೇಕು.’ ಇನ್ನೊಂದು: ‘ಟೈಲರಿಂಗ್. ಹೆಂಗಸರು ಬರೆದದ್ದನ್ನೇ ಕೇಳ್ತಾರೆ. ಹಳ್ಳಿ ಕಥೆ ಸಾಕಾಗಿದೆ ಅಂದರು, ಊರು ಬಿಟ್ಟು ಹೋದವರ ಕಥೆ ಬೇಕಂತೆ.’ ಹೊಸ ಕಾದಂಬರಿ ಓದಿ ಮುಗಿಸಿದ ರಾತ್ರಿ ಈ ಪುಸ್ತಕ ತಿರುವಿ ಹಾಕುತ್ತೇನೆ. ಇದು ಯಾರಿಗೆ ಅಂತ ಐದು ಹೆಸರು ಹೊಳೆಯುತ್ತವೆ. ಮಾರನೇ ದಿನ ಆ ಐವರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಮೆಸೇಜು: ‘ಸಾರ್, ಹೋದ ಸಲ ನಿಮಗೆ ಆ ಪುಸ್ತಕದ ಅಜ್ಜನ ಪಾತ್ರ ಇಷ್ಟ ಆಗಿತ್ತಲ್ಲ, ಇದರಲ್ಲೂ ಅಂಥದೇ ಒಬ್ಬರಿದ್ದಾರೆ. 180 ಪುಟ. ಎತ್ತಿಟ್ಟಿರ್ತೀನಿ.’ ಐವರಲ್ಲಿ ಮೂವರಾದರೂ ಬರುತ್ತಾರೆ. ಅವರು ಓದಿ ಮುಗಿಸಿದ ಮೇಲೆ ಏನಂದರು ಅನ್ನುವುದನ್ನು ತಪ್ಪದೆ ಕೇಳಿ ಬರೆದುಕೊಳ್ಳಿ. ‘ನಂಗೆ ಹಿಡಿಸಲಿಲ್ಲ’ ಅಂದರೆ ಅದು ಇನ್ನೂ ಮುಖ್ಯ.

ವಾಟ್ಸಾಪ್ ಗ್ರೂಪು ಮಾಡಬೇಡಿ. ಎರಡು ವಾರದಲ್ಲಿ ಅದು ಶುಭೋದಯದ ಚಿತ್ರಗಳಿಂದ ತುಂಬಿ, ಓದುವವರೇ ಮೊದಲು ಹೊರಗೆ ಹೋಗುತ್ತಾರೆ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿಕೊಂಡು ತಿಂಗಳಿಗೆ ಒಂದೇ ಮೆಸೇಜು ಕಳಿಸಿ. ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಅದು ತಲುಪುವುದು, ಬಿಲ್ ಕೊಡುವಾಗಲೇ ಮಾಡಿಸಿಕೊಳ್ಳಿ.

ನಿಮ್ಮ ಗೈಡು, ಪರೀಕ್ಷೆ ಪುಸ್ತಕಗಳ ಬಗ್ಗೆ ಪತ್ರದಲ್ಲಿ ಸ್ವಲ್ಪ ಸಂಕೋಚದಿಂದ ಬರೆದಿದ್ದೀರಿ ಅನ್ನಿಸಿತು. ಸಂಕೋಚ ಬೇಡ. ನಮ್ಮ ಅಂಗಡಿಯ ಬಾಗಿಲು ತೆರೆದಿರುವುದೂ ಅದರಿಂದಲೇ. ಅಲ್ಲದೆ ಕೆಎಎಸ್‌ಗೆ ಓದುವ ಹುಡುಗ ಹುಡುಗಿಯರು ದಿನಕ್ಕೆ ಹತ್ತು ಗಂಟೆ ಅಕ್ಷರದ ಮುಂದೆ ಕೂರುವವರು, ಅವರಷ್ಟು ಓದುವ ಅಭ್ಯಾಸ ಊರಿನಲ್ಲಿ ಇನ್ಯಾರಿಗಿದೆ? ಪರೀಕ್ಷೆ ಮುಗಿದ ವಾರ ಅವರಿಗೆ ಒಂದು ತೆಳ್ಳನೆಯ ಕಾದಂಬರಿ ಕೊಟ್ಟು ನೋಡಿ. ಇನ್ನೊಂದು ಮಾತು, ನಿಮ್ಮ ಜೆರಾಕ್ಸ್ ಮಷಿನ್ನು ಎಲ್ಲಿದೆ? ಪಹಣಿ, ಆಧಾರ್, ಅಂಕಪಟ್ಟಿ ಹಿಡಿದುಕೊಂಡು ಬಂದವರು ಅದರ ಮುಂದೆ ಐದು ನಿಮಿಷ ನಿಲ್ಲುತ್ತಾರೆ. ಅವರ ಕಣ್ಣಿನ ಎತ್ತರಕ್ಕೆ ಆರು ಕಾದಂಬರಿಗಳನ್ನು ಮುಖಪುಟ ಕಾಣುವ ಹಾಗೆ ಇಡಿ, ಬೆನ್ನು ಕಾಣುವ ಹಾಗೆ ಒತ್ತೊತ್ತಾಗಿ ಬೇಡ. ಆರೂ ಪುಸ್ತಕಕ್ಕೆ ಚೀಟಿ ಇರಲಿ. ನಾನು ಇದನ್ನು ಮಾಡಿದ ಮೊದಲ ವರ್ಷ ಕಾದಂಬರಿ ಕೊಂಡ ಹೊಸಬರಲ್ಲಿ ಅರ್ಧಕ್ಕರ್ಧ ಜನ ಜೆರಾಕ್ಸಿಗೆ ಬಂದವರು. ಆರರಲ್ಲಿ ಒಂದು ಜಾಗ ಜಿಲ್ಲೆಯ ಬರಹಗಾರರಿಗೆ ಮೀಸಲಿರಲಿ. ವಿದ್ವಾಂಸ ತೀ.ನಂ.ಶ್ರೀ. ಹುಟ್ಟಿದ್ದು ನಿಮ್ಮ ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ. ಬರಗೂರು ರಾಮಚಂದ್ರಪ್ಪನವರ ಹೆಸರಿನ ಬರಗೂರು ಅಂದರೆ ಶಿರಾ ತಾಲ್ಲೂಕಿನ ಊರು ಎಂದು ಗೊತ್ತಿಲ್ಲದ ಹುಡುಗರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಹತ್ತಿರದ ಊರಿನ ಹೆಸರು ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ.

ಈಗ ಲೇಖಕರನ್ನು ಕರೆಸುವ ಸಂಜೆಯ ಮಾತು. ಆ ಬೋರ್‌ವೆಲ್ ಕಾದಂಬರಿಯದೇ ಉದಾಹರಣೆ ಕೊಡುತ್ತೇನೆ. ಬಂದು ಏಳು ವಾರಕ್ಕೆ ನಮ್ಮಲ್ಲಿ 26 ಪ್ರತಿ ಹೋಗಿತ್ತು. ಕೊಂಡವರಿಗೆಲ್ಲ ಫೋನು ಮಾಡಿ, ‘ಓದಿ ಮುಗಿಸಿದ್ದರೆ ಮಾತ್ರ ಬನ್ನಿ, ಬರೆದವರು ಬರ್ತಾರೆ’ ಎಂದೆ. ಹತ್ತೊಂಬತ್ತು ಜನ ಬಂದರು. ವೇದಿಕೆ ಇಲ್ಲ, ಮೈಕು ಇಲ್ಲ. ಅಂಗಡಿಯ ನಡುವಿನ ಮೇಜು ಸರಿಸಿ, ಕುರ್ಚಿ ಸಾಲದೆ ಪುಸ್ತಕದ ಬಂಡಲ್ಲುಗಳ ಮೇಲೂ ಕೂತರು. ಲೇಖಕರು ಎರಡು ಪುಟ ಓದಿದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಮೌನಕ್ಕೆ ಹೆದರಿ ನಾನು ಬಾಯಿ ಹಾಕಲು ಹೊರಟಿದ್ದೆ, ಹಾಕದೆ ಇದ್ದದ್ದು ಒಳ್ಳೆಯದಾಯಿತು. ಹಿಂದೆ ಕೂತಿದ್ದ ಒಬ್ಬರು ಲೈನ್‌ಮನ್ ಕೈ ಎತ್ತಿದರು. ಪುಸ್ತಕದಲ್ಲಿ ಬಸ್ ಟಿಕೆಟ್ ಇಟ್ಟು ಗುರುತು ಮಾಡಿಕೊಂಡು ಬಂದಿದ್ದರು.

‘ಸಾರ್, 112ನೇ ಪುಟದಲ್ಲಿ ತಮ್ಮ ರಾತ್ರಿ ಹತ್ತಕ್ಕೆ ಹೋಗಿ ಕದ್ದು ಮೋಟ್ರು ಹಾಕ್ತಾನೆ ಅಂತ ಬರ್ದಿದ್ದೀರಿ. ಆ ಹೊತ್ತಲ್ಲಿ ನಮ್ಮ ಕಡೆ ತೋಟದ ಲೈನಿಗೆ ಸಿಂಗಲ್ ಫೇಸು. ಮೋಟ್ರು ಓಡಲ್ಲ. ತ್ರೀ ಫೇಸ್ ಬರೋದು ಪಾಳಿ ಮೇಲೆ, ಬೆಳಗಿನ ಜಾವಕ್ಕೆ ಎದ್ದು ಕಾಯ್ಬೇಕು. ಅವನು ಕದಿಯೋದಾದ್ರೆ ಬೆಳಗಿನ ಜಾವದಲ್ಲೇ ಕದೀಬೇಕು.’

ಎಲ್ಲರೂ ಲೇಖಕರ ಮುಖ ನೋಡಿದರು. ಅವರು ಪೆನ್ನು ತೆಗೆದು ತಮ್ಮ ಪ್ರತಿಯ ಅಂಚಿನಲ್ಲಿ ಬರೆದುಕೊಂಡರು. ‘ಎಷ್ಟು ಗಂಟೆಗೆ?’ ಎಂದು ಕೇಳಿದರು. ಅಲ್ಲಿಂದ ಮುಂದೆ ಒಂದೂವರೆ ಗಂಟೆ ನನಗೆ ಮಾಡುವ ಕೆಲಸವೇ ಇರಲಿಲ್ಲ. ಟೈಲರಿಂಗ್ ಮಾಡುವ ಆಕೆ ಅತ್ತಿಗೆಯ ಬಗ್ಗೆ ಕೇಳಿದರು, ‘ಅಷ್ಟು ಓದಿದವಳು ಆ ಮನೆಗೆ ವಾಪಸ್ ಯಾಕೆ ಬಂದಳು, ನೀವು ಹೇಳಲೇ ಇಲ್ಲವಲ್ಲ’ ಎಂದು. ಅದಕ್ಕೆ ಲೇಖಕರಿಗಿಂತ ಮುಂಚೆ ಇನ್ನೊಬ್ಬ ಓದುಗರು ಉತ್ತರ ಕೊಟ್ಟರು, ಅದನ್ನು ಮೂರನೆಯವರು ಒಪ್ಪಲಿಲ್ಲ. ಒಂಬತ್ತಕ್ಕೆ ಶಟರ್ ಅರ್ಧ ಇಳಿಸಿದೆ, ಮಾತು ಮೆಟ್ಟಿಲ ಮೇಲೆ ಮುಂದುವರಿಯಿತು. ಎರಡನೇ ಮುದ್ರಣದಲ್ಲಿ ಆ ಪುಟದಲ್ಲಿ ‘ಬೆಳಗಿನ ಜಾವ ನಾಲ್ಕಕ್ಕೆ’ ಎಂದಾಯಿತು. ಆ ಲೈನ್‌ಮನ್ ಎರಡೂ ಪ್ರತಿ ಜೊತೆಗಿಟ್ಟುಕೊಂಡು, ತಮ್ಮ ಪರಿಚಯದವರಿಗೆ ತೋರಿಸಿ ತೋರಿಸಿ, ಹನ್ನೊಂದು ಜನರನ್ನು ನಮ್ಮ ಅಂಗಡಿಗೆ ಕಳಿಸಿದರು. ಯಾವ ಜಾಹೀರಾತಿನಿಂದ ಇದನ್ನು ಕೊಂಡುಕೊಳ್ಳಲು ಆದೀತು?

ಇಂಥ ಸಂಜೆಗೆ ನನಗೆ ಆಗುವ ಖರ್ಚು ಸಾವಿರದೈನೂರರ ಒಳಗೆ. ಟೀ, ಖಾರ ಮಂಡಕ್ಕಿ, ಲೇಖಕರ ಪ್ರಯಾಣ ಮತ್ತು ಊಟ. ಶಾಲು ಹಾರದ ದುಡ್ಡನ್ನು ಪ್ರಯಾಣಕ್ಕೆ ಕೊಡಿ, ಹೊಸ ಲೇಖಕರಿಗೆ ಅದರ ಅಗತ್ಯ ಹೆಚ್ಚು. ಬೆಂಗಳೂರಿನಿಂದ ನಿಮ್ಮೂರಿಗೂ ನಮ್ಮೂರಿಗೂ ಒಂದೇ ರೈಲು ಮಾರ್ಗ. ಅರಸೀಕೆರೆ ಕಡೆ ಹೋಗುವ ಗಾಡಿ ಹತ್ತಿ ಒಂದು ದಿನ ತುಮಕೂರು, ಮರುದಿನ ತಿಪಟೂರು ಎಂದು ಎರಡು ಅಂಗಡಿಯವರು ಸೇರಿ ಕರೆಸಿದರೆ ಖರ್ಚು ಹಂಚಿಹೋಗುತ್ತದೆ. ನಾನು ಸಿದ್ಧನಿದ್ದೇನೆ. ಬೆಳಿಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನಿಸಿ ರೈಲು ಹತ್ತಿಸುವ ಹೊಣೆ ನನ್ನದು.

ದುಡ್ಡಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ತಾವೇ ಅಚ್ಚು ಹಾಕಿಸಿ ಬ್ಯಾಗಿನಲ್ಲಿ ಪುಸ್ತಕ ಹೊತ್ತುಕೊಂಡು ಬರುವ ಬರಹಗಾರರು ಈಗ ಬಹಳ. ಮಾರಿದ ಪ್ರತಿಗಳ ದುಡ್ಡನ್ನು ‘ಆಮೇಲೆ ಕಳಿಸ್ತೀವಿ’ ಎಂದು ಹೇಳಿ, ವರ್ಷಗಟ್ಟಲೆ ಸತಾಯಿಸುವ ಅಂಗಡಿಗಳಿವೆ. ಆ ಬರಹಗಾರರು ಫೋನು ಮಾಡಿ ಮಾಡಿ ಕೊನೆಗೆ ಸುಮ್ಮನಾಗುತ್ತಾರೆ, ಮತ್ತೆ ಆ ಊರಿನ ಹೆಸರೆತ್ತುವುದಿಲ್ಲ. ಅದೇ ರಾತ್ರಿ ಲೆಕ್ಕ ಮಾಡಿ ಕೈಗೆ ಕೊಟ್ಟು ಕಳಿಸಿ. ಪ್ರಕಾಶಕರ ಹತ್ತಿರ 50 ಪ್ರತಿ ಒಮ್ಮೆಗೇ ಕೊಳ್ಳಬೇಡಿ. 10 ತರಿಸಿ, ಹೋದ ಮೇಲೆ ಮತ್ತೆ 10. ಸಂಜೆಯ ಕಾರ್ಯಕ್ರಮಕ್ಕೆ ಬೇಕಾದ ಹೆಚ್ಚಿನ ಪ್ರತಿಗಳನ್ನು ಮಾರದಿದ್ದರೆ ವಾಪಸ್ ಎಂಬ ಮಾತಿನ ಮೇಲೆ ತರಿಸಿ, ಅದನ್ನು ಫೋನಿನಲ್ಲಿ ಹೇಳಿ ಸುಮ್ಮನಾಗದೆ ಬರಹದಲ್ಲಿ ಒಪ್ಪಿಸಿಕೊಳ್ಳಿ.

ದಿನ ಗೊತ್ತು ಮಾಡುವುದೂ ಮುಖ್ಯ. ಕೋಲಾರದ ಹತ್ತಿರ ತೇರಹಳ್ಳಿ ಬೆಟ್ಟದಲ್ಲಿ ‘ಆದಿಮ’ ಸಾಂಸ್ಕೃತಿಕ ಕೇಂದ್ರದವರು ಹುಣ್ಣಿಮೆಯ ರಾತ್ರಿಗಳಲ್ಲಿ ನಡೆಸಿಕೊಂಡು ಬಂದ ‘ಹುಣ್ಣಿಮೆ ಹಾಡು’ ಕೇಳಿದ್ದೀರಲ್ಲ? ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯನವರೂ ಅವರ ಸಂಗಾತಿಗಳೂ ಕಟ್ಟಿದ್ದು. ಹುಣ್ಣಿಮೆಗೆ ಆಹ್ವಾನ ಪತ್ರಿಕೆ ಬೇಕಿಲ್ಲ, ತಲೆ ಎತ್ತಿ ನೋಡಿದರೆ ಗೊತ್ತಾಗುತ್ತದೆ. ಬೆಟ್ಟ ಹತ್ತಿ ನೆಲದ ಮೇಲೆ ಕೂತು ಜನ ಹಾಡು, ನಾಟಕ ಕೇಳಿದ್ದಾರೆ. ನಾನು ಅಲ್ಲಿಂದಲೇ ಕಲಿತು ತಿಂಗಳ ಎರಡನೇ ಶನಿವಾರ ಸಂಜೆ ಆರೂವರೆ ಎಂದು ಇಟ್ಟುಕೊಂಡೆ. ಲೇಖಕರು ಸಿಗದ ತಿಂಗಳು ಓದುಗರೇ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತಾರೆ, ಅಥವಾ ದೂರದ ಲೇಖಕರನ್ನು ವಿಡಿಯೊ ಕಾಲಿನಲ್ಲಿ ಕರೆಯುತ್ತೇವೆ. ಎಂಟು ಜನ ಬಂದರೂ ನಡೆಯಬೇಕು. ಒಂದು ತಿಂಗಳು ತಪ್ಪಿಸಿದರೆ ಮುಂದಿನ ತಿಂಗಳು ‘ಇದೆಯಾ?’ ಎಂಬ ಫೋನು ಶುರುವಾಗುತ್ತದೆ, ಆಮೇಲೆ ಅದೂ ನಿಲ್ಲುತ್ತದೆ.

ಕಾಲೇಜಿನವರು ಲೇಖಕರನ್ನು ಕರೆಸಿಕೊಡಿ ಎಂದು ಕೇಳುವುದುಂಟು. ಮಾಡಿ. ಆದರೆ ಇಪ್ಪತ್ತು ಪ್ರತಿ ಮೊದಲೇ ಕೊಂಡು, ಇಪ್ಪತ್ತು ವಿದ್ಯಾರ್ಥಿಗಳಿಗೆ ಓದಿಸಿ, ಆಮೇಲೆ ದಿನ ಗೊತ್ತು ಮಾಡೋಣ ಎನ್ನಿ. ಸಭಾಂಗಣದಲ್ಲಿ ನಾನೂರು ಮಕ್ಕಳನ್ನು ಕೂಡಿಹಾಕಿದರೆ ಲೇಖಕರಿಗೂ ಬೇಸರ, ಮಕ್ಕಳಿಗೂ ಬೇಸರ.

ಆನ್‌ಲೈನ್ ಡಿಸ್ಕೌಂಟಿನ ಪ್ರಶ್ನೆಗೆ ಬರೋಣ. 250 ರೂಪಾಯಿಯ ಕಾದಂಬರಿಗೆ ನಮಗೆ ಶೇಕಡ 30 ಕಮಿಷನ್ ಸಿಕ್ಕರೆ 75 ರೂಪಾಯಿ. ಗಿರಾಕಿಗೆ ಪುಸ್ತಕದ ಬೆಲೆಯಲ್ಲಿ ಶೇಕಡ 10 ಬಿಟ್ಟುಕೊಟ್ಟರೆ 50 ಉಳಿಯಿತು, 20 ಬಿಟ್ಟರೆ 25. ಅದರಲ್ಲೇ ಪಾರ್ಸೆಲ್ ಖರ್ಚು, ಬಾಡಿಗೆ, ಕರೆಂಟು. ದೊಡ್ಡವರ ಜೊತೆ ಆ ಓಟಕ್ಕೆ ಇಳಿಯಲೇಬೇಡಿ. ಫ್ರಾನ್ಸಿನಲ್ಲಿ 1981ರಲ್ಲೇ ಕಾನೂನು ಮಾಡಿ ಹೊಸ ಪುಸ್ತಕದ ಮೇಲೆ ಶೇಕಡ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡಬಾರದು ಎಂದು ಕಟ್ಟಿದ್ದರಿಂದ ಅಲ್ಲಿ ಸಣ್ಣ ಅಂಗಡಿಗಳು ಉಸಿರಾಡುತ್ತಿವೆ. ನಮ್ಮಲ್ಲಿ ಆ ಆಸರೆ ಇಲ್ಲ. ಇರಬೇಕಿತ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಸದ್ಯಕ್ಕೆ, ಲೇಖಕರ ಹಸ್ತಾಕ್ಷರ ಇರುವ ಪ್ರತಿ ನಿಮ್ಮಲ್ಲಿ ಸಿಗುತ್ತದೆ ಎಂಬುದು ದೊಡ್ಡ ಆಕರ್ಷಣೆ. ಲೇಖಕರು ಬಂದ ದಿನ ಹತ್ತು ಪ್ರತಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ. ಹೊರಗಿನವರು ಕೇಳಿದರೆ ಅಂಚೆಯಲ್ಲಿ ಕಳಿಸಿ. ಪುಸ್ತಕಗಳನ್ನು ಕಡಿಮೆ ದರದಲ್ಲಿ ಕಳಿಸಲು ಇದ್ದ ಹಳೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತುಹೋದಾಗ ನಮಗೆಲ್ಲ ಪೆಟ್ಟು ಬಿದ್ದಿತ್ತು. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕಗಳಿಗಾಗಿ ‘ಜ್ಞಾನ್ ಪೋಸ್ಟ್’ ಶುರು ಮಾಡಿತು. ಶುರುವಿನ ದರದಂತೆ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ಮೇಲೆ ತೆರಿಗೆ. ಇನ್ನೂರು ಪುಟದ ಕಾದಂಬರಿ ಸಾಮಾನ್ಯವಾಗಿ 300 ಗ್ರಾಂ ಒಳಗೇ ಬರುತ್ತದೆ, ತೂಕ ಮಾಡಿ ನೋಡಿ. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಲೇಬೇಕು, ಒಳಗೆ ಜಾಹೀರಾತು ಇರಬಾರದು.

ಮುಂಗಡ ಚಂದಾ ಎಂಬ ಹಳೆಯ ಉಪಾಯವನ್ನೂ ಹೇಳಿಬಿಡುತ್ತೇನೆ. ಧಾರವಾಡದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಸಂಸ್ಥೆ 1933ರಲ್ಲಿ ಶುರುವಾಗಿ ಬೆಳೆದದ್ದು ಚಂದಾದಾರರನ್ನು ನಂಬಿಕೊಂಡು. ಅದಕ್ಕೂ ಮುಂಚೆ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಓದುಗರ ಮನೆ ಬಾಗಿಲಿಗೆ ಹೋದದ್ದರಿಂದಲೇ ಕನ್ನಡ ಕಾದಂಬರಿಗೆ ಓದುಗರು ಹುಟ್ಟಿದರು. ನಾನು ವರ್ಷಕ್ಕೆ 1,000 ರೂಪಾಯಿ ಕಟ್ಟಿಸಿಕೊಂಡು ಐದು ಹೊಸ ಕಾದಂಬರಿ ಕೊಡುತ್ತೇನೆ, ಆರಿಸುವುದು ನಾನು. ಹಿಡಿಸದಿದ್ದರೆ ಹದಿನೈದು ದಿನದೊಳಗೆ ಬದಲಾಯಿಸಿಕೊಳ್ಳಬಹುದು. ಮೊದಲ ವರ್ಷ 22 ಜನ ಸೇರಿದರು. ಒಂದು ಹೊಸ ಹೆಸರಿನ ಕಾದಂಬರಿಗೆ ನನ್ನಲ್ಲಿ 22 ಓದುಗರು ಮೊದಲೇ ಇದ್ದಾರೆ ಎಂದು ಪ್ರಕಾಶಕರಿಗೆ ಹೇಳಿದಾಗ, ಕಮಿಷನ್ ಮಾತುಕತೆಯೂ ಬೇರೆಯಾಯಿತು, ಲೇಖಕರನ್ನು ಕಳಿಸಿಕೊಡುವ ಉತ್ಸಾಹವೂ ಬಂತು.

ಪ್ರಶಸ್ತಿ ಬಂದ ಪುಸ್ತಕಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂದ ಮರುದಿನವೇ ನಮ್ಮಂಗಡಿಗೆ ಕೇಳಿಕೊಂಡು ಬಂದರು, ಎಂದೂ ಪುಸ್ತಕ ಕೊಳ್ಳದವರೂ ಬಂದರು. ಕಣ್ಣು ತುಂಬಿ ಬಂದ ದಿನ ಅದು. ಆದರೆ ಆ ಪುಸ್ತಕಕ್ಕೆ ಆಗ ನನ್ನ ಚೀಟಿ ಬೇಕಿರಲಿಲ್ಲ. ನಿಮ್ಮ ಚೀಟಿ ಬೇಕಾಗಿರುವುದು ಇನ್ನೂ ಯಾರೂ ಹೆಸರು ಕೇಳದ ಲೇಖಕಿಯ ಮೊದಲ ಕಾದಂಬರಿಗೆ.

ಕೊನೆಯದಾಗಿ ನಿಮ್ಮ 46 ಪ್ರತಿ. ನಿಮ್ಮದು ಶೇಕಡ 30 ಕಮಿಷನ್ನೇ ಆಗಿದ್ದು ಪುಸ್ತಕದ ಬೆಲೆ 250ರ ಆಸುಪಾಸು ಇದ್ದರೆ ಎಂಟು ಸಾವಿರ ರೂಪಾಯಿ ಅಲ್ಲಿ ಕೂತಿದೆ, ಚಿಂತೆ ಸಹಜ. ಪ್ರಕಾಶಕರಿಗೆ ಫೋನು ಮಾಡಿ 25 ಪ್ರತಿ ವಾಪಸ್ ತೆಗೆದುಕೊಂಡು ಅದೇ ಬೆಲೆಗೆ ಬೇರೆ ಪುಸ್ತಕ ಕೊಡುವಂತೆ ಕೇಳಿ. ಕಟ್ಟು ಬಿಚ್ಚದ ಪ್ರತಿಗಳಿಗೆ ಒಪ್ಪಬಹುದು. ಉಳಿದ 21ಕ್ಕೆ ಹೊಸದಾಗಿ ಶುರು ಮಾಡೋಣ. ನೀವು ಆ ಕಾದಂಬರಿಯನ್ನು ಪೂರ್ತಿ ಓದಿದ್ದೀರಾ? ಪತ್ರದಲ್ಲಿ ಹೇಳಿಲ್ಲ. ಓದಿಲ್ಲದಿದ್ದರೆ ಈ ವಾರ ಓದಿ, ಚೀಟಿ ಬರೆದು ಜೆರಾಕ್ಸ್ ಮಷಿನ್ನಿನ ಎದುರು ಇಡಿ. ಆಮೇಲೆ ಬಿಲ್ ಪುಸ್ತಕ ತೆರೆದು ಅವತ್ತಿನ ತಾರೀಖು ಹುಡುಕಿ. ಭಾಷಣ ಮುಗಿದು, ಕೇಸರಿಬಾತಿನ ಸಾಲು ಬಿಟ್ಟು, ನಿಮ್ಮ ಮೇಜಿನ ಹತ್ತಿರ ಬಂದು ದುಡ್ಡು ಕೊಟ್ಟು ಪುಸ್ತಕ ಕೊಂಡವರು ನಾಲ್ವರಿದ್ದರು. ಅವರ ನಂಬರು ಸಿಕ್ಕರೆ ಇವತ್ತೇ ಫೋನು ಮಾಡಿ, ಓದಿದಿರಾ, ಹೇಗಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ನಿಮ್ಮ ಉದ್ದನೆಯ ಲೆಕ್ಕದ ಪುಸ್ತಕದ ಮೊದಲ ನಾಲ್ಕು ಪುಟ ಅವರದು.